ಬಲಗಿವಿಯ ಕಚ್ಚು

ಜಹೀರಾಬಾದ್
೬ ಜನವರಿ ೨೦೨೫

ಭವಾನಿಗೆ,

ನೀನು, ಅಪ್ಪ ಇಬ್ಬರೂ ತಾಂಡೂರು ದಾಟಿ ಊರು ಮುಟ್ಟಿದಿರಿ ಎಂದು ಅನಿಲ ಫೋನಿನಲ್ಲಿ ಹೇಳಿದ. ನನ್ನ ತಮ್ಮನಿಗೆ ಫೋನು ಹಿಡಿದರೆ ಸ್ಪೀಕರಿಗೇ ಹಾಕಬೇಕು. ಅವ್ವ ಒಂದು ಕಡೆ, ಕುರಿಗಳು ಒಂದು ಕಡೆ ಒದರುತ್ತಿದ್ದವು, ನಿನ್ನ ದನಿ ಮಾತ್ರ ಕೇಳಲಿಲ್ಲ. ಈ ಆಸ್ಪತ್ರೆಯಲ್ಲಿಯೂ ಅದೇ ಗತಿ. ನಾನು ಫೋನೆತ್ತಿದರೆ ಅಕ್ಕಪಕ್ಕದ ಮಂಚದವರು ಕಿವಿ ನಿಮಿರಿಸುತ್ತಾರೆ. ಅವರಿಗೂ ಹೊತ್ತು ಹೋಗಬೇಕಲ್ಲ. ಅದಕ್ಕೇ ಈ ಕಾಗದ. ಅನಿಲ ತೆಲುಗು ಶಾಲೆಗೆ ಹೋದವ, ಅಪ್ಪ ಅವ್ವ ಯಾವ ಶಾಲೆಯನ್ನೂ ನೋಡದವರು. ಇದು ಅಂಗಳದಲ್ಲಿ ಬಿದ್ದಿದ್ದರೂ ನಿನ್ನ ಹೊರತು ಯಾರೂ ಓದಲಾರರು.

ಒಂದು ಮಾತು ಕೇಳಬೇಕಾಗಿದೆ. ಅಪ್ಪ ಯಾಕೆ ಹಾಗೆ ಎದ್ದು ಹೋದ? ಚಹಾ ತಂದಿಟ್ಟಿದ್ದರು, ಮುಟ್ಟಲಿಲ್ಲ. ಬೆನ್ನಿಗೆ ಪಟ್ಟಿ ಅಂಟಿಸಿ ಕಾಲಿಗೆ ಕಸರತ್ತು ಮಾಡಿಸುವ ಸ್ವರೂಪಾ ಮೇಡಂ ಒಂದೊಂದೇ ಹೊಡೆತ ಕರೆಂಟು ಕೊಡುತ್ತಿದ್ದರಲ್ಲ, ಅದು ಬರೀ ಅಳತೆಗೆ. ಎಷ್ಟು ಕೊಟ್ಟರೆ ಕಾಲಿಗೆ ಮುಟ್ಟುತ್ತದೆ ಎಂದು ನೋಡುವುದು, ಅಷ್ಟೇ. ನನ್ನ ತೊಡೆ ಪಟಪಟ ಅದುರಿದಾಗ ನಾನು ನಗುತ್ತಿದ್ದೆ. ಅಪ್ಪನ ಮುಖ ನೋಡಿದೆ, ನಗು ನಿಂತುಹೋಯಿತು.

ಬೇವಿನ ಮರದಿಂದ ನಾನು ಬಿದ್ದ ದಿನದಿಂದ ಅಪ್ಪ ನನ್ನ ಕಾಲು ಮುಟ್ಟಿಲ್ಲ. ಅಂದು ನೀನು ಹಟ್ಟಿಯಲ್ಲಿದ್ದೆ, ನೋಡಿಲ್ಲ. ಮರಿಗಳಿಗೆಂದು ಕಡಿದ ಸೊಪ್ಪಿನ ಮೇಲೇ ನಾನು ಬಿದ್ದಿದ್ದೆ. ಅಪ್ಪ ಓಡಿ ಬಂದು, ಬಿದ್ದ ಕುರಿಗೆ ಮಾಡುವ ಹಾಗೇ ಮಾಡಿದ. ಕುರಿಯಾದರೆ ಗೊರಸಿನ ಸಂದಿಯಲ್ಲಿ ಉಗುರೂರಿ ಹಿಂಡುತ್ತಾನಲ್ಲ, ಕಾಲೆಳೆದುಕೊಂಡರೆ ಸಾಕುವುದು, ಎಳೆದುಕೊಳ್ಳದಿದ್ದರೆ ಕೊಯ್ಯುವುದು. ನನಗೆ ಕಾಲ್ಬೆರಳ ಸಂದಿಯಲ್ಲಿ ಹಿಂಡಿದ. ಕಾಲು ಸುಮ್ಮನೆ ಬಿದ್ದಿತ್ತು. ಅಪ್ಪ ಎದ್ದು ತನ್ನ ಕಂಬಳಿ ತೆಗೆದು ನನ್ನ ಕಾಲು ಮುಚ್ಚಿದ. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ.

ಜೀಪಿನಲ್ಲಿ ಹಿಡಿಸದೆ ಗಾಲಿ ಕುರ್ಚಿ ಅಲ್ಲೇ ಬಿಟ್ಟು ಬಂದಿದ್ದೇವೆ. ಮರಿಗಳು ಅದರ ಮೇಲೆ ಹತ್ತದ ಹಾಗೆ ನೋಡಿಕೋ. ಇಲ್ಲಿ ಇವರ ಕುರ್ಚಿ ಇದೆ, ಆದರೆ ಇದರ ಒಂದು ಗಾಲಿ ಸೊಟ್ಟ.

ಬಾಲರಾಜ


ಯಾಲಾಲ್
೧೭ ಜನವರಿ ೨೦೨೫

ಇವರಿಗೆ,

ಹೆಸರು ಬರೆಯಲು ಕೈ ಬರುವುದಿಲ್ಲ. ಕವರಿನ ಮೇಲೆ ಬರೆದದ್ದೇ ಸಾಕು, ಅದಕ್ಕೂ ಅತ್ತೆ ನೋಡಿದರೆ ಏನನ್ನುತ್ತಾರೋ. ಅವರಿಗೆ ಓದಲು ಬರುವುದಿಲ್ಲ, ಆದರೂ ನಾಚಿಕೆ ನಾಚಿಕೆಯೇ.

ಹಬ್ಬ ಆಯಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿದಾಗ ನಿಮ್ಮ ಪಾಲು ತೆಗೆದಿಟ್ಟೆ, ಯಾಕೆ ತೆಗೆದಿಟ್ಟೆ ಎಂದು ಆಮೇಲೆ ತಿಳಿಯಲಿಲ್ಲ, ನಾಯಿಗೆ ಹಾಕಿದೆ. ಈ ಸಲ ಮರಿ ಬಹಳ. ಅವಳಿ ಹಾಕಿದ ಕರಿ ಕುರಿ ಒಂದನ್ನು ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ, ಅದಕ್ಕೆ ನಾನೇ ಸೀಸೆಯಿಂದ ಹಾಲು ಕುಡಿಸುತ್ತಿದ್ದೇನೆ.

ಮಾವ ಎದ್ದು ಬಂದದ್ದು ಬಸ್ಸು ತಪ್ಪುತ್ತದೆಂಬ ಅವಸರಕ್ಕೆ. ಮತ್ತೇನಿಲ್ಲ. ನೀವು ಒಂದಕ್ಕೆ ಹತ್ತು ಯೋಚಿಸಬೇಡಿ, ಹೇಳಿದ ಕೆಲಸ ಮಾಡಿ.

ಮರದ ಕೆಳಗಿನ ಮಾತನ್ನು ಒಲೆಯ ಮುಂದೆ ಎರಡೆರಡು ಸಲ ಓದಿದೆ. ರೊಟ್ಟಿ ಸೀದುಹೋಯಿತು. ಅತ್ತೆ ಬೈದರು.

ಕುರ್ಚಿಯ ಮೇಲೆ ಗೋಣಿಚೀಲ ಹೊದಿಸಿದ್ದೇನೆ.

ಭವಾನಿ


ಜಹೀರಾಬಾದ್
೩೦ ಜನವರಿ ೨೦೨೫

ಭವಾನಿಗೆ,

ನಿಂತೆ.

ಮತ್ತೆ ಓದು. ನಿಂತೆ. ಮೇಲಿನ ಕಬ್ಬಿಣದ ಚೌಕಟ್ಟಿಗೆ ಪಟ್ಟಿ ಕಟ್ಟಿ ಸಂತೆಯ ತಕ್ಕಡಿಯಲ್ಲಿ ಟಗರು ತೂಗಿದ ಹಾಗೆ ನನ್ನನ್ನು ತೂಗುಹಾಕಿದ್ದರು, ಅದು ನಿಜ. ಆದರೆ ಪಟ್ಟಿ ಸಡಿಲ ಬಿಟ್ಟ ಮೇಲೂ ಮೊಳಕಾಲು ಮಡಚಲಿಲ್ಲ. ಬೆನ್ನಿನಲ್ಲಿ ಇರುವೆ ಹರಿದ ಹಾಗೆ ಕರೆಂಟು. ಸ್ವರೂಪಾ ಮೇಡಂ ಹುಮನಾಬಾದಿನ ಕಡೆಯವರು, ಅವರ ಮಾತು ನಮ್ಮದೇ. "ಮಶೀನ್ ನಿಮ್ಮ ಕಾಲ ಎತ್ತಂಗಿಲ್ರಿ. ಅದು ನಿದ್ದಿಗಣ್ಣಾಗ ಇದ್ದ ನರಾನ ಅಲುಗಿಸ್ತದ, ಅಷ್ಟ. ಎದ್ದು ನಿಂದ್ರು ಅಂತ ಕಾಲಿಗಿ ನೀವೇ ಹೇಳಬೇಕು" ಅಂದರು. ನಾನು ಹೇಳಿದೆ. ಹೇಳಿದ್ದು ಕೆಳಗೆ ಮುಟ್ಟಿತು. ಎಷ್ಟು ದಿನದ ಮೇಲೆ ಕಿಟಕಿಯ ಆಚೆ ನೋಡಿದೆ ಗೊತ್ತೇ? ಕೂತವನಿಗೆ ಆ ಕಿಟಕಿಯಲ್ಲಿ ಆಕಾಶ ಮಾತ್ರ ಕಾಣುತ್ತದೆ. ನಿಂತರೆ ಬೀದರ್ ರಸ್ತೆಯ ಲಾರಿಗಳು ಕಾಣುತ್ತವೆ.

ಅತ್ತುಬಿಟ್ಟೆ, ನಕ್ಕುಬಿಟ್ಟೆ ಅಂತ ಬರೆಯುವುದಿಲ್ಲ. ಎರಡೂ ಮಾಡಿದೆ.

ಯುಗಾದಿ ಹೊತ್ತಿಗೆ ಮರಿಗಳ ಕಿವಿ ಕತ್ತರಿಸುತ್ತಾರಲ್ಲ, ಅಪ್ಪನಿಗೆ ಹೇಳು: ಬಲಗಿವಿ ಕಚ್ಚು ನನ್ನದು, ಎಡಗಿವಿ ಅನಿಲನದು, ಅರ್ಧ ಅರ್ಧ, ಪ್ರತಿ ವರ್ಷದ ಹಾಗೇ. ಹೋದ ವರ್ಷ ನಾನು ಆಸ್ಪತ್ರೆಗಳಲ್ಲಿ ತಿರುಗುತ್ತಿದ್ದೆ, ಒಂದು ಮರಿಗೂ ನನ್ನ ಕಚ್ಚು ಬೀಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದೆ. ಹಿಂಡಿನಲ್ಲಿ ಕಚ್ಚು ಇಲ್ಲದವನಿಗೆ ಮನೆಯಲ್ಲಿ ಮಾತಿಲ್ಲ, ನೀನೇ ನೋಡಿದ್ದೀ. ಈ ಸಲವೂ ಬೀಳದಿದ್ದರೆ ನಾನೂ ನೀನೂ ಅನಿಲನ ಅನ್ನ ಉಣ್ಣುವವರು. ಅನಿಲ ಒಳ್ಳೆಯವನೇ. ಅವನ ಹೆಂಡತಿ ಇನ್ನೂ ಬರಬೇಕಷ್ಟೆ.

ಬಾಲರಾಜ


ಯಾಲಾಲ್
೧೧ ಫೆಬ್ರುವರಿ ೨೦೨೫

ಇವರಿಗೆ,

ಕಾಗದ ಎಲ್ಲರ ಮುಂದೆ ಓದಿದೆ, ಕೊನೆಯ ಮಾತು ಬಿಟ್ಟು. ಅತ್ತೆ ಆ ದಿನವೇ ಓಣಿಯ ಎಲ್ಲ ಬಾಗಿಲು ತಟ್ಟಿ ಬಂದರು. ಮಾತು ನಮ್ಮ ಮನೆಯಿಂದ ಹೊರಟಾಗ ನೀವು ನಿಂತಿದ್ದಿರಿ, ಬಾವಿ ಕಟ್ಟೆ ಮುಟ್ಟುವಷ್ಟರಲ್ಲಿ ನಡೆದಿರಿ, ಬಸ್‌ ಸ್ಟ್ಯಾಂಡಿನಲ್ಲಿ ಓಡುತ್ತಿದ್ದಿರಿ. ಸಕ್ಕರೆ ಕಾಯಿಲೆಗೆ ಕಾಲು ತೆಗೆಸಿಕೊಂಡ ಕಿಷ್ಟಪ್ಪನ ಹೆಂಡತಿ ಈಶಮ್ಮ ಬಂದು ಕೂತಳು. "ಕಡಿದ ಕಾಲಿಗಿ ಆ ಕರೆಂಟ್ ಹತ್ತತದೇನವ್ವ?" ಅಂದಳು. ಮಜ್ಜಿಗೆ ಕೊಟ್ಟು ಕಳಿಸಿದೆ.

ಒಂದು ಕೇಳುತ್ತೇನೆ. ಕರೆಂಟು ತೆಗೆದ ಮೇಲೆ ಏನಾಗುತ್ತದೆ?

ಕರಿ ಕುರಿಯ ಮರಿ ಈಗ ನನ್ನ ಸೆರಗು ಬಿಡುವುದಿಲ್ಲ.

ಭವಾನಿ


ಜಹೀರಾಬಾದ್
೨೨ ಫೆಬ್ರುವರಿ ೨೦೨೫

ಭವಾನಿಗೆ,

ಆ ಪ್ರಶ್ನೆ ನಿನ್ನದಲ್ಲ. ಮೂರು ಸಲ ಓದಿದೆ, ಪ್ರತಿ ಸಲವೂ ಅಪ್ಪನ ದನಿಯಲ್ಲೇ ಕೇಳಿಸಿತು. ಅವನಿಗೆ ಬೇಕಿದ್ದರೆ ಅವನೇ ಕೇಳಲಿ. ಊರಿನಿಂದ ಇಲ್ಲಿಗೆ ಬಸ್ಸಿಲ್ಲವೇ? ಅವತ್ತು ಬಸ್ಸು ತಪ್ಪುತ್ತದೆ ಎಂದು ಎದ್ದನಂತೆ. ಬಸ್ಸು ಬರಲು ಇನ್ನೂ ಬೇಕಾದಷ್ಟು ಹೊತ್ತಿತ್ತು, ನೀವಿಬ್ಬರೂ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತದ್ದನ್ನು ಇಲ್ಲಿಯ ವಾಚ್‌ಮನ್ ಹೇಳಿದ್ದಾನೆ.

ಕರೆಂಟು ತೆಗೆದ ಮೇಲೆ ಕೂರುತ್ತೇನೆ. ಕೂರಿಸುತ್ತಾರೆ. ಸಾಕೇ? ಆದರೆ ಇದು ನಾಳೆಯೂ ಹೀಗೇ ಇರುತ್ತದೆಂದು ಯಾರೂ ಹೇಳಿಲ್ಲ. ಮಶೀನು ಮನೆಗೂ ಕೊಡಬಹುದು, ಕೇಳಿ ನೋಡುತ್ತೇನೆ.

ಪಕ್ಕದ ಮಂಚದ ಆತ್ಮಾರಾಮ ನಾರಾಯಣಖೇಡದವನು, ಟ್ರ್ಯಾಕ್ಟರಿನಿಂದ ಬಿದ್ದವನು. ಅವನ ಬೆನ್ನಿಗೆ ಅದೇ ಪಟ್ಟಿ, ಅದೇ ಕರೆಂಟು, ಕಾಲಿಗೆ ಮಾತ್ರ ಏನೂ ಮುಟ್ಟಲಿಲ್ಲ. ಮೊನ್ನೆ ಮನೆಗೆ ಕಳಿಸಿದರು. ಹೋಗುವಾಗ ನನ್ನ ಕೈ ಹಿಡಿದು "ನೀ ನಿಂದ್ರು, ನನ್ನ ಪಾಲಿಂದೂ ನಿಂದ್ರು" ಅಂದ. ಅವನ ಮಂಚ ಖಾಲಿ ಇದೆ. ಮುಖ ಈ ಕಡೆ ತಿರುಗಿಸಿ ಮಲಗುತ್ತೇನೆ. ಅದಕ್ಕೂ ಆಯಾಳನ್ನು ಕರೆಯಬೇಕು.

ಕಚ್ಚಿನ ಮಾತಿಗೆ ನೀನು ಉತ್ತರ ಬರೆದಿಲ್ಲ.

ಬಾಲರಾಜ


ಯಾಲಾಲ್
೯ ಮಾರ್ಚ್ ೨೦೨೫

ಇವರಿಗೆ,

ಬರೆಯಬಾರದೆಂದಿದ್ದೆ. ಬರೆಯದೆ ಇರಲಾಗಲಿಲ್ಲ.

ಅವತ್ತು ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತಾಗ ಮಾವ ಒಂದೇ ಮಾತಾಡಿದರು. "ಕೊಯ್ದ ಕುರಿ ತೊಡಿನೂ ಹಂಗೇ ಅದುರ್ತದವ್ವ. ತೊಗಲ ಸುಲಿಯೂತನಕ ಅದುರ್ತದ. ಜೀವ ಹೋಗಿರ್ತದ" ಅಂದರು. ನೀವು ನಿಂತಿರೆಂಬ ಕಾಗದ ಓದಿದ ದಿನ "ಕರೆಂಟ್ ತಗದ ಮ್ಯಾಲ ಏನಾಗ್ತದ ಅಂತ ಬರಿ" ಅಂದವರೂ ಅವರೇ. ನಿಮ್ಮ ಉತ್ತರ ಓದಿ ಹೇಳಿದೆ. ಸುಳ್ಳು ಓದಬಹುದಿತ್ತು, ತೋಚಲಿಲ್ಲ. "ಕೂರಿಸ್ತಾರ" ಅಂದೆ. ತಲೆಯಾಡಿಸಿ ಎದ್ದು ಹೋದರು.

ಮರುದಿನವೇ ಕತ್ತರಿ ತೆಗೆದರು. ಯುಗಾದಿಯ ದಾರಿ ಕಾಯಲಿಲ್ಲ. ಅನಿಲ ದೊಡ್ಡ ಕುರಿಗಳನ್ನು ನಾರಾಯಣಖೇಡದ ಕಡೆ ಹೊಡೆದುಕೊಂಡು ಹೋಗಬೇಕು, ಅಲ್ಲಿಯ ಹೊಲದವರು ಗೊಬ್ಬರಕ್ಕೆಂದು ಹಿಂಡು ಕೂರಿಸಲು ಕರೆದಿದ್ದಾರೆ, ಅದಕ್ಕೇ ಅವಸರ ಅಂದರು. ಎಲ್ಲ ಮರಿಗೂ ಎಡಗಿವಿ. ಎಲ್ಲಕ್ಕೂ. ತಲೆ ಹಿಡಿದವಳು ನಾನು. ಅನಿಲ "ಅಣ್ಣಂದು ಅರ್ಧ ಬಿಡು ಅಪ್ಪಾ" ಅಂದ, ನಿಜವಾಗಿಯೂ ಅಂದ, ಅವನ ಮೇಲೆ ಸಿಟ್ಟಾಗಬೇಡಿ. ಮಾವ "ನಿಂದ್ರದವ ಹಿಂಡ ಕಾಯ್ತಾನೇನು?" ಅಂದರು. ಕರಿ ಕುರಿಯ ಮರಿಯನ್ನಾದರೂ ಉಳಿಸೋಣವೆಂದು ಸೆರಗಿನಲ್ಲಿ ಮುಚ್ಚಿಕೊಂಡೆ. ಅದು ಒದರಿಬಿಟ್ಟಿತು.

ನನ್ನನ್ನು ಬೈಯಿರಿ. ಬೈದಾದರೂ ಬರೆಯಿರಿ.

ಭವಾನಿ


ಯಾಲಾಲ್
೨೬ ಮಾರ್ಚ್ ೨೦೨೫

ಇವರಿಗೆ,

ಕಾಗದವಿಲ್ಲ. ಫೋನು ಮಾಡಿದರೆ ಅವ್ವನ ಹತ್ತಿರ ಕೊಡು ಅನ್ನುತ್ತೀರಿ, ಊಟ ಆಯಿತು ಅನ್ನುತ್ತೀರಿ, ಇಡುತ್ತೀರಿ.

ಹಿಂಡು ಹೊರಟಿತು. ಮರಿಗಳು ನನ್ನ ಹತ್ತಿರವೇ ಇವೆ. ಜಹೀರಾಬಾದಿನ ರಸ್ತೆಯಲ್ಲೇ ಹೋಗುತ್ತದೆ, ಅಲ್ಲಿಯವರೆಗೆ ಮಾವನೂ ಇರುತ್ತಾರೆ. ನಿಮ್ಮನ್ನು ನೋಡಿ ಬರುತ್ತಾರೇನೆಂದು ಅವರನ್ನೇ ಕೇಳಿದೆ. ಹೊರಡುವಾಗ ಒಗೆದ ಧೋತರ ಗಂಟಿನಲ್ಲಿ ಕಟ್ಟಿಕೊಂಡರು. ಕುರಿ ಕಾಯಲು ಯಾರೂ ಒಗೆದ ಧೋತರ ಒಯ್ಯುವುದಿಲ್ಲ.

ಭವಾನಿ


ಜಹೀರಾಬಾದ್
೫ ಏಪ್ರಿಲ್ ೨೦೨೫

ಭವಾನಿಗೆ,

ಅಪ್ಪ ಬಂದಿದ್ದ. ನೀನು ಹೇಳಿದ ಧೋತರವನ್ನೇ ಉಟ್ಟಿದ್ದ. ಕುರಿ ವಾಸನೆ ಮಾತ್ರ ಹಾಗೇ ಇತ್ತು, ಇಡೀ ವಾರ್ಡು ಮೂಗು ಮುಚ್ಚಿತು, ನನಗೆ ಮನೆಗೆ ಹೋದ ಹಾಗಾಯಿತು.

ನಾನು ಚೌಕಟ್ಟಿನಲ್ಲಿ ನಿಂತಿದ್ದೆ. ನೋಡಲಿ ಎಂದು ಇನ್ನಷ್ಟು ನೆಟ್ಟಗೆ ನಿಂತೆ. ಅವನು ನನ್ನ ಮುಖ ನೋಡದೆ ಸ್ವರೂಪಾ ಮೇಡಂಗೆ "ತಾಯಿ, ಆ ಮಶೀನ್ ಜರಾ ಬಂದ್ ಮಾಡ್ರಿ. ವೈರ್ ಎಲ್ಲಾ ತಗೀರಿ" ಅಂದ. ಅವರು ನನ್ನ ಕಡೆ ನೋಡಿದರು. ತೆಗೆಯಿರಿ ಅಂದೆ. ಮಂಚದ ಮೇಲೆ ಮಲಗಿಸಿದರು. ಅಪ್ಪ ಕಾಲ ಕಡೆ ಕೂತು ರುಮಾಲು ಹಿಂದೆ ಸರಿಸಿ, ನನ್ನ ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಅಷ್ಟರಲ್ಲೇ ನನಗೆ ತಿಳಿಯಿತು. ಬೆರಳ ಸಂದಿಯಲ್ಲಿ ಉಗುರೂರಿ ಹಿಂಡಿದ.

ಕಾಲು ಎಳೆದುಕೊಂಡಿತು. ಮೊಳಕಾಲು ಮಡಚಿ ಮೇಲೆ ಬಂತು.

ಭವಾನಿ, ಅದು ನಾನಲ್ಲ. ನಿನಗೆ ಗೊತ್ತು, ದುಪ್ಪಟಿ ತಾಗಿದರೂ ಎಳೆದುಕೊಳ್ಳುವ ಕಾಲು ಅದು, ನೀನೇ ಎಷ್ಟೋ ಸಲ ನೀಡಿ ಮಲಗಿಸಿದ್ದೀ. ಬಿದ್ದ ಹೊಸದರಲ್ಲಿ ಸುಮ್ಮನಿರುತ್ತದಂತೆ, ಆಮೇಲೆ ತನ್ನಷ್ಟಕ್ಕೆ ತಾನೇ ಒದೆಯಲು ಶುರು ಮಾಡುತ್ತದಂತೆ. ತಲೆಗೆ ಗೊತ್ತೇ ಆಗದೆ ನಡುವಿನ ಕೆಳಗೇ ಮುಗಿಯುವ ವ್ಯವಹಾರ. ಅಪ್ಪ ಹಿಂಡಿದ್ದು ನನಗೆ ತಿಳಿಯಲೇ ಇಲ್ಲ. ಉಗುರಿನ ಗುರುತನ್ನು ಆಮೇಲೆ ಕಣ್ಣಿಂದ ನೋಡಿ ತಿಳಿದೆ.

ಅಪ್ಪ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಎಳಕೊಂತು. ಕರೆಂಟ್ ಇಲ್ಲದಾ ಎಳಕೊಂತು ನೋಡು. ಜೀವ ಅದ ಬಾಲ್ಯಾ" ಅಂದ. ಅತ್ತ. ಅಜ್ಜ ಸತ್ತಾಗ ಅಳದವನು. "ನಾ ನಿನ್ನ ಕೊಯ್ದ ಕುರಿ ಲೆಕ್ಕದಾಗ ಹಾಕಿದ್ದೆಪ್ಪ. ನಾ ಎಂಥ ಅಪ್ಪ" ಅಂದ. ಸ್ವರೂಪಾ ಮೇಡಂ ಬಾಯಿ ತೆರೆದರು. ನಾನು ಕಣ್ಸನ್ನೆ ಮಾಡಿದೆ, ಅವರು ಸುಮ್ಮನಾದರು.

ಅವನಿಗೆ ತೋರಿಸಬೇಕಾದದ್ದು ಬೇರೆ ಇತ್ತು. ಹೋದ ವಾರ ಕರೆಂಟು ತೆಗೆದ ಮೇಲೆ ಎಡಗಾಲಿನ ಹೆಬ್ಬೆರಳಿಗೆ ಅಲ್ಲಾಡು ಅಂದೆ, ಅಲ್ಲಾಡಿತು. ಅಕ್ಕಿಕಾಳಿನಷ್ಟು. ಅದು ನಾನು. ಮರುದಿನ ಅಲ್ಲಾಡಲಿಲ್ಲ, ಅದರ ಮರುದಿನ ಮತ್ತೆ ಅಲ್ಲಾಡಿತು. ನಿನ್ನ ಮೇಲಿನ ಸಿಟ್ಟಿನಲ್ಲಿ ಬರೆದಿರಲಿಲ್ಲ. "ಅಪ್ಪಾ, ಇಲ್ಲಿ ಎಡಗಾಲ ನೋಡು" ಅಂದೆ. ಅವನು ಬಲಗಾಲಿನಿಂದ ಕಣ್ಣು ಕೀಳಲಿಲ್ಲ. "ಮಳಿ ಬೀಳೂದ್ರಾಗ ಹಿಂಡಿನ ಹಿಂದ ನೀನೇ" ಅಂದ. ಚಹಾ ಕುಡಿದ. ವಾರ್ಡಿನವರಿಗೆಲ್ಲ ಕುಡಿಸಿದ.

ಇನ್ನೊಂದೂ ಇದೆ. ಮಶೀನು ಮನೆಗೆ ಕೊಡುವುದಿಲ್ಲ. ಮೊದಲ ದಿನವೇ ಹೇಳಿದ್ದರು, ನಾನು ನಿನಗೆ ಸುಳ್ಳು ಬರೆದೆ. ಈ ತಿಂಗಳ ಕೊನೆಗೆ ನನ್ನ ಪಾಳಿ ಮುಗಿಯುತ್ತದೆ. ಬಂದಾಗ ಇದ್ದ ಕಾಲಿನಲ್ಲೇ ತಿರುಗಿ ಬರುತ್ತೇನೆ, ಒಂದು ಬೆರಳು ಹೆಚ್ಚು, ಅಷ್ಟೇ.

ಮೊದಲು ಅಪ್ಪನ ಅಪನಂಬಿಕೆ ಎದೆಯ ಮೇಲೆ ಕೂತಿತ್ತು, ಈಗ ಅವನ ನಂಬಿಕೆ ಕೂತಿದೆ. ಇದು ಇನ್ನೂ ಭಾರ. ನನ್ನಿಂದ ಹೇಳಲಾಗುವುದಿಲ್ಲ. ನೀನೇ ಹೇಳು. ಈ ಕಾಗದ ಮುಟ್ಟಿದ ದಿನವೇ ಹೇಳು.

ಬಾಲರಾಜ


ಯಾಲಾಲ್
೧೫ ಏಪ್ರಿಲ್ ೨೦೨೫

ಇವರಿಗೆ,

ಕಾಗದ ಶನಿವಾರ ಮುಟ್ಟಿತು. ಆ ದಿನ ಹೇಳಲಿಲ್ಲ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿ ಆಮೇಲೆ ಸಿಟ್ಟಾಗಿ.

ಮಾವ ಅಲ್ಲಿಂದ ಬಂದವರು ಬೇರೆ ಮನುಷ್ಯರೇ ಆಗಿದ್ದರು. ಅತ್ತೆಯನ್ನು ಹೆಸರು ಹಿಡಿದು ಕೂಗಿದರು, "ಪೀರಮ್ಮಾ, ಹೋಳಿಗಿ ಮಾಡು" ಅಂತ. ಮರುದಿನ ನಿಮ್ಮ ಗಾಲಿ ಕುರ್ಚಿ ತೊಳೆದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತಾವೇ ತಳ್ಳಿಕೊಂಡು ಹೋಗಿ ಕಿಷ್ಟಪ್ಪನಿಗೆ ಕೊಟ್ಟು ಬಂದರು. ನಾನು ನೀರಿಗೆ ಹೋಗಿದ್ದೆ. ಬಂದು ನೋಡಿದರೆ ಗೋಣಿಚೀಲ ಮಾತ್ರ ಬಿದ್ದಿತ್ತು.

ಶನಿವಾರ ನಿಮ್ಮ ಕಾಗದ ಓದುವಾಗ ಮಾವ ಎದುರಿಗೇ ಕತ್ತರಿ ಮಸೆಯುತ್ತಿದ್ದರು. "ಏನ್ ಬರದಾನ?" ಅಂದರು. "ಆರಾಮ ಇದ್ದೀನಿ ಅಂತ ಬರದಾರ್ರಿ ಮಾವ" ಅಂದೆ. ಸೋಮವಾರ ಒಳ್ಳೆಯ ದಿನ, ಅರ್ಧ ಮರಿಗಳಿಗೆ ಬಲಗಿವಿ ಕಚ್ಚು ಹಾಕುವವರಿದ್ದರು. ಎರಡೂ ಕಿವಿಗೆ ಕಚ್ಚು ಬಿದ್ದ ಮರಿ ಹಿರಿಯನದು ಎಂಬುದು ನಿಮ್ಮ ಅಜ್ಜನ ಕಾಲದ ಮಾತು, ನೀವೇ ಹೇಳಿದ್ದಿರಿ. ನಾನು ಬಾಯಿ ಹೊಲಿದುಕೊಂಡೆ.

ನಿನ್ನೆ ತಲೆ ಹಿಡಿದವಳು ನಾನೇ. ಮೊದಲು ತಂದುಕೊಟ್ಟದ್ದು ಕರಿ ಕುರಿಯ ಮರಿ. ಕೊನೆಯ ಮರಿಯ ಕಿವಿಗೆ ಬೂದಿ ಹಚ್ಚಿ ಬಿಟ್ಟ ಮೇಲೆ, ಮಾವ ಕತ್ತರಿ ಒರೆಸುತ್ತಿದ್ದಾಗ, ಎಲ್ಲಾ ಹೇಳಿದೆ. ಎಳೆದುಕೊಂಡದ್ದು ನೀವಲ್ಲ ಅಂದೆ. ಮಶೀನು ಬರುವುದಿಲ್ಲ ಅಂದೆ. ಮಾವ ನಕ್ಕರು. "ಡಾಕ್ಟರ್ ಕುರಿ ಸಾಕ್ಯಾರೇನು?" ಅಂದರು. ಆಗ ನಾನಂದೆ, "ಕೊಯ್ದ ಕುರಿ ತೊಡಿ ಅದುರ್ತದ ಅಂದಿದ್ರಿ ಮಾವ. ಅದಕ್ಕ ಕರೆಂಟ್ ಯಾರು ಕೊಟ್ಟಿರ್ತಾರ? ಅದೂ ತಾನಾ ಅದುರ್ತದಲ್ರಿ."

ಹೇಳಬಾರದಿತ್ತೇನೋ. ಕೂತಲ್ಲೇ ಮುದುಕರಾದರು. ಮರಿಗಳ ಕಡೆ ನೋಡಿ, "ಗೊತ್ತಿದ್ದೇ ತಲಿ ಹಿಡಿದಿ?" ಅಂದರು. ಹೂಂ ಅಂದೆ. ಹೊಡೆಯುತ್ತಾರೆ ಅಂದುಕೊಂಡೆ. "ಕತ್ತರಿಸಿದ ಕಿವಿ ಕೂಡಂಗಿಲ್ಲ" ಅಂದರು, ನನಗಲ್ಲ, ತಮಗೇ ಹೇಳಿಕೊಂಡ ಹಾಗೆ. ಎದ್ದು ಹೋದರು. ಕಿಷ್ಟಪ್ಪನ ಬಾಗಿಲ ಮುಂದೆ ನಿಂತದ್ದನ್ನು ಅತ್ತೆ ನೋಡಿದ್ದಾರೆ. ಅವನು ಕುರ್ಚಿಯಲ್ಲಿ ಕೂತು ಮೊಮ್ಮಗಳನ್ನು ಆಡಿಸುತ್ತಿದ್ದನಂತೆ. ಮಾವ ಕೇಳಲಾಗದೆ ಹಿಂದೆ ಬಂದರು.

ನಾಳೆ ನಾನು ಹೋಗಿ ಕೇಳುತ್ತೇನೆ. ಕೊಟ್ಟದ್ದನ್ನು ತಿರುಗಿ ಕೇಳಿದವರ ನಾಲಗೆಗೆ ಹುಳ ಬೀಳುತ್ತದಂತೆ, ಬೀಳಲಿ. ಈಶಮ್ಮನ ಮುಖ ಹೇಗೆ ನೋಡಲಿ ಎನ್ನುವುದೊಂದೇ ಚಿಂತೆ. ಮರಿಗಳು ನಿಮ್ಮವು. ಕುರ್ಚಿಯಲ್ಲಿ ಕೂತವನ ಹಿಂಡು ಹೇಗೆ ನಡೆಯುತ್ತದೆ ಎಂದು ನನಗೂ ಗೊತ್ತಿಲ್ಲ, ಬನ್ನಿ, ನೋಡೋಣ.

ಇವತ್ತು ಬೆಳಿಗ್ಗೆ ಮಾವ ಹಟ್ಟಿಯ ಬಾಗಿಲಲ್ಲಿ ಕೂತಿದ್ದರು. ರೊಟ್ಟಿ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗದೆ, "ಆ ಎಡಗಾಲ ಹೆಬ್ಬಟ್ಟ ಅಲ್ಲಾಡಿದ್ದು, ಅದಾದ್ರೂ ಖರೇ ಏನವ್ವ?" ಅಂದರು.

ನಾನು ಕಣ್ಣಿಂದ ನೋಡಿಲ್ಲ. ಖರೇ ಅಂದೆ. ಆಗ ರೊಟ್ಟಿಗೆ ಕೈ ಚಾಚಿದರು. ನೀವು ಬಂದು ಆ ಮಾತನ್ನು ಸುಳ್ಳು ಮಾಡಬೇಡಿ.

ಭವಾನಿ